ಕರಿ ಉಣ್ಣಿ ಕಟ್ಟಿದ ತಂತಿ

ಹೆಬ್ಬಳ್ಳಿ
೧೮ ಜೂನ್ ೨೦೨೪

ಸಾನ್ವಿಗೆ,

ಕಾಗದ ಬಂತಂತ ಎದಿ ಹಿಡಕೋಬ್ಯಾಡ. ಹೊಸಾದೇನೂ ಆಗಿಲ್ಲ. "ಇತ್ತ ಕಡೆ ಎಲ್ಲರೂ ಕ್ಷೇಮ" ಅಂತ ಮೊದಲನೇ ಸಾಲು ಬರೀಬೇಕಂತ ನಮ್ಮ ಸಾಲ್ಯಾಗ ಬಡದು ಕಲಿಸಿದ್ರು. ನಾ ಏಳನೇತ್ತಾ ಪಾಸಾದಾಂವ, ಆ ಸಾಲು ಕಣ್ಣ ಮುಚಗೊಂಡು ಬರೀಬಲ್ಲೆ. ಈ ಸಲ ಬಿಟ್ಟೇನಿ.

ನೀ ಫೋನ್ ಎತ್ತಂಗಿಲ್ಲ. ಎತ್ತಿದ್ರ "ಕ್ಲಾಸಿನ್ಯಾಗ ಅದೇನಿ ಮಾಮಾ" ಅಂತಿ. ರವಿವಾರ ಯಾವ ಕಾಲೇಜಿನ್ಯಾಗ ಕ್ಲಾಸು ನಡೀತಾವ ಹೇಳವಾ? ಅದಕ್ಕ ಕಾಗದ. ಹಾಲಿನ ವ್ಯಾನಿನ ದ್ಯಾಮಣ್ಣ ದಿನಾ ಸಪ್ತಾಪುರಕ್ಕ ಬರ್ತಾನ, ನಿನ್ನ ರೂಮಿನ ಮಾಲಕರಿಗೆ ಹಾಲ ಹಾಕೂದು ಅವನ. ದಾರ್ಯಾಗ ಇದನ್ನ ಒಡದು ಓದಿದ್ರ ವ್ಯಾನಿನ್ಯಾಗಿನ ಹಾಲೂ ಒಡೀತಾವ ಅಂತ ಹೆದರಿಸಿ ಕಳಿಸೇನಿ. ನಂಬ್ಯಾನ.

ವಿಷಯಕ್ಕ ಬರ್ತೇನಿ. ಹ್ವಾದ ಗುರುವಾರ ಮಧ್ಯಾಹ್ನ ಹಿತ್ತಲದ ಬೇವಿನ ಗಿಡಕ್ಕ ಸಿಡಿಲ ಬಿತ್ತು. ಕುರಿ ಉಳದ್ವು, ನಿಮ್ಮವ್ವ ಉಳದ್ಳು. ನನ್ನ ಕಂಡ್ರ ಸಿಡಿಲ ತಾನ ದಾರಿ ಬಿಡ್ತೈತಿ, ಅದು ಬ್ಯಾರೆ. ಆದ್ರ ನಿಮ್ಮಣ್ಣ ಮಾಲತೇಶ ಪಡಸಾಲ್ಯಾಗ ಕುಂಡ್ರಿಸಿದ ಆ ನಾಕ ಬಾಯಿ ಅಡಾಪ್ಟರ ಸುಟ್ಟ ಹೋತು.

ನಿನಗ ಗೊತ್ತಿದ್ದದ್ದ, ಆದ್ರೂ ಹೇಳತೇನಿ. ಅದನ್ನ ನಿಮ್ಮಣ್ಣ ಕುಂಡ್ರಿಸುವಾಗ ನಿಚ್ಚಣಕಿ ಹಿಡದಾಂವ ನಾನು, ಅಂದ್ರ ಅರ್ಧಾ ಕೆಲಸ ನಂದ. ಮಾಳಗಿ ಮ್ಯಾಲಿನ ಟಾಕಿಗೆ ಒಂದು, ಹಿತ್ತಲ ಕುರಿಹಟ್ಟಿ ಬಾಗಲಕ್ಕ ಒಂದು, ಕರೆಂಟಿನ ಮೀಟರ ಹಂತೇಕ ಒಂದು, ಗೇಟಿನ ಕಂಬಕ್ಕ ಒಂದು, ಹಿಂಗ ನಾಕ ಸಣ್ಣ ಮೈಕ್ರೋಕಂಟ್ರೋಲರ ಬೋರ್ಡು. ನಾಕರ ತಂತಿನೂ ಬಂದು ಆ ಅಡಾಪ್ಟರಿನ್ಯಾಗ ಕೂಡತಿದ್ವು, ಅಲ್ಲಿಂದ ಒಂದ ಯುಎಸ್‌ಬಿ ವಾಯರು ಹಳೇ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪ ನಿಮ್ಮಣ್ಣನ ದನಿಯೊಳಗ ಒದರತಿತ್ತು. "ಅವ್ವಾ, ಟಾಕಿ ತುಂಬೇತಿ, ಮೋಟಾರ ಬಂದ ಮಾಡು." "ಅವ್ವಾ, ಹಟ್ಟಿ ಬಾಗಲಾ ತಗದೈತಿ." "ಅವ್ವಾ, ತ್ರೀಫೇಸ್ ಬಂತು." ನಾಕನೇದು ಅವಂದ ಸ್ವಂತದ್ದು. ಗಾಡಿ ಕೀಲಿಕೈಗೆ ಹಾಕಿದ ಪ್ಲಾಸ್ಟಿಕ್ ಬಿಲ್ಲೀನ ಗೇಟಿನ ಕಂಬಕ್ಕ ತೋರಿಸಿದ್ರ, "ಅವ್ವಾ, ನಾ ಬಂದ್ನಿ. ಬಾಗಲಾ ತಗಿ." ಹಿತ್ತಲದಾಗ ಕುರಿ ನಡುವ ಇರೂ ನಿಮ್ಮವ್ವಗ ಬಾಗಲಾ ಬಡದದ್ದು ಕೇಳಸಂಗಿಲ್ಲಂತ ಮಾಡಿದ್ದ.

ಏಪ್ರಿಲ್‌ದಾಗ ಅಂವ ಹ್ವಾದ ಮ್ಯಾಲೆ ನಾಕನೇದು ಸುಮ್ಮನಾತು. ಉಳದ ಮೂರು ನಡದಿದ್ವು. ನಿಮ್ಮವ್ವ ಆ ಮೂರರ ಮ್ಯಾಲೆ ಇದ್ಳು, ಸಾನ್ವಿ. ಟಾಕಿ ತುಂಬೇತಿ ಅಂತ ಅಂವ ಅಂದ್ರ "ಹೂನೋ, ಬಂದೆ" ಅಂತಿದ್ಳು. ಈಗ ಅದೂ ಇಲ್ಲ. ಟಾಕಿ ತುಂಬಿ ನೀರು ಓಣಿಗೆ ಹರೀತೈತಿ, ಅಕಿ ಲ್ಯಾಪ್‌ಟಾಪಿನ ಮುಂದ ಕುಂತಿರ್ತಾಳ. ಮಾತಾಡಸಿದ್ರ "ತಡಿಯೋ ಬೀರಾ, ನಿನ್ನ ಗದ್ದಲದಾಗ ಏನೂ ಕೇಳಸೂದಿಲ್ಲ" ಅಂತಾಳ. ಕೇಳಸೂದು ಏನೈತಿ ಅಲ್ಲೆ?

ಮಣ್ಣಿನ ದಿನ ಎಲ್ಲಾರ ಮುಂದ ಅಕಿ ನಿನಗ ಅಂದದ್ದನ್ನ ನಾನೂ ಕೇಳೇನಿ. "ಇಕಿ ಸಾಮಾನ ಕೊಡಾಕ ಹೊಂಟು ನನ್ನ ಮಗಾ ಹ್ವಾದ" ಅಂದ್ಳು. ನಿನ್ನ ಪ್ರಾಜೆಕ್ಟಿಗೆ ಇಂಥದ ಇನ್ನೊಂದು ಅಡಾಪ್ಟರ ಒಯ್ಯಾಕತ್ತಿದ್ದ ಅಂವ. ಹಿಂದ ಕೆಂಪ ದೀಪ ಇಲ್ಲದ ಟ್ರ್ಯಾಕ್ಟರು ದಾರಿ ನಡುವ ನಿಂತಿತ್ತು. ಅದರಾಗ ನಿನ್ನ ತಪ್ಪಿಲ್ಲ. ಅದು ಅಕೀಗೂ ಗೊತ್ತೈತಿ. ಗೊತ್ತಿದ್ದದ್ದನ್ನ ಬಾಯಿಬಿಟ್ಟು ಹೇಳಾಕ ನಮ್ಮ ಅಕ್ಕಗ ಬರಂಗಿಲ್ಲ. ನಮ್ಮ ಮನ್ಯಾಗ ಆ ಬಾಯಿ ನಾನೊಬ್ಬನ ಪಡಕೊಂಡ ಬಂದೇನಿ.

ಹುಬ್ಬಳ್ಳ್ಯಾಗ ಕೇಳಿದೆ. "ಒಂದ ಬಾಯಿದು ಐತ್ರೀ, ನಾಕ ಬಾಯಿದು ತರಸಬೇಕು" ಅಂದ ಅಂಗಡಿ ಇಕ್ಬಾಲ. ಯಾವಾಗ ಬರ್ತೈತೋ. ಬಂದ ಕೂಡ್ಲೆ ಕುಂಡ್ರಿಸೂದು ನನಗ ಎಡಗೈ ಕೆಲಸ, ಯಾವ ತಂತಿ ಎಲ್ಲಿಗೆ ಅನ್ನೂದಷ್ಟ ಬರದು ಕಳಸು. ನೀನ ಬಂದ್ರ ಇನ್ನೂ ಛಲೋ. ಬಾ ಅಂತ ಮಾತ್ರ ನಾ ಬರಿಯಂಗಿಲ್ಲ.

ಸಿಡಿಲಿಗೂ ಬಗ್ಗದ ನಿನ್ನ ಸ್ವಾದರಮಾವ,
ಬೀರಲಿಂಗಪ್ಪ


ಸಪ್ತಾಪುರ, ಧಾರವಾಡ
೨೭ ಜೂನ್ ೨೦೨೪

ಮಾಮಾ,

ದ್ಯಾಮಣ್ಣನ ಕೈಯಾಗ ಒಂದು ಪೊಟ್ಟಣ ಕೊಟ್ಟೇನಿ. ಅಂಗಡಿದು ಬರೂತನಕಾ ಕಾಯಬ್ಯಾಡ. ಇದೂ ಅಂಥದ, ನಾಲ್ಕು ಚಾನೆಲ್ಲಿಂದು. ಎಲ್ಲಿದು ಅಂತ ನೋಡಿದ್ರ ನಿನಗ ತಿಳೀತೈತಿ. ಪೊಲೀಸರು ಅಣ್ಣನ ಕಿಸೆದಾಗಿನ ಸಾಮಾನು ಕೊಟ್ಟಾಗ ಸಹಿ ಮಾಡಿ ತಗೊಂಡಾಕಿ ನಾನು. ಕೀಲಿಕೈನೂ ನನ್ನ ಹತ್ರನ ಐತಿ. ಪ್ರಾಜೆಕ್ಟಿಗೆ ಇದನ್ನ ಹಚ್ಚಲಿಲ್ಲ, ಬ್ಯಾರೆ ಪ್ರಾಜೆಕ್ಟು ಮಾಡಿದೆ. ಅವ್ವಗ ಹೇಳಬ್ಯಾಡ.

ಬೋರ್ಡಿನ ಟಿಎಕ್ಸ್ ತಂತಿ ಅಡಾಪ್ಟರಿನ ಆರ್‌ಎಕ್ಸಿಗೆ ಹೋಗಬೇಕು. ಅದು ಹೇಳೂದು, ಇದು ಕೇಳೂದು. ಗ್ರೌಂಡ್ ತಂತಿ ಗ್ರೌಂಡಿಗೆ. ಅದನ್ನ ಬಿಟ್ರ ಹೇಳಿದ್ದು ಸರಿಯಾಗಿ ಮುಟ್ಟಂಗಿಲ್ಲ.

ಬೋರ್ಡು ಬರೇ ಒಂದು ಅಕ್ಷರ ಕಳಸತೈತಿ. ಯಾವ ಚಾನೆಲ್ಲಿಂದ ಬಂತು ಅನ್ನೂದನ್ನ ನೋಡಿ ಲ್ಯಾಪ್‌ಟಾಪ ಮಾತು ಆರಿಸತೈತಿ. ಅದಕ್ಕ ಕ್ರಮ ತಪ್ಪಬಾರದು. ತಂತಿಗೆ ಅಣ್ಣ ಕುರಿ ಉಣ್ಣಿ ಎಳಿ ಕಟ್ಟ್ಯಾನ. ಬಿಳಿದು ಟಾಕಿ, ಒಂದನೇ ಚಾನೆಲ್ಲು. ಕಂದು ಹಟ್ಟಿ, ಎರಡು. ಬೂದಿ ಬಣ್ಣದ್ದು ಕರೆಂಟು, ಮೂರು. ಕರಿದು ಗೇಟು, ನಾಕು.

ಅವ್ವ ಊಟ ಮಾಡತಾಳೇನು? ಇದಕ್ಕ ಉತ್ತರ ಬರಿಯದಿದ್ರೂ ನಡೀತೈತಿ.

ಸಾನ್ವಿ


ಹೆಬ್ಬಳ್ಳಿ
೧೪ ಜುಲೈ ೨೦೨೪

ಸಾನ್ವಿಗೆ,

ಉಣ್ತಾಳ. ಮೊದಲ ಅದನ್ನ ಬರದ ಬಿಡತೇನಿ. ಕಡಿಮಿ ಉಣ್ತಾಳ.

ಈಗ ನಿಮ್ಮ ಮಾಮಾನ ಪರಾಕ್ರಮ ಕೇಳು. ಪೊಟ್ಟಣ ಬಂದ ದಿನ ನಾ ಅದನ್ನ ಒಂದಿಷ್ಟ ಹೊತ್ತು ಕೈಯಾಗ ಹಿಡಕೊಂಡು ಹಟ್ಟಿ ಹಿಂದ ಕುಂತಿದ್ದೆ. ಒಂದ ಮೂಲಿ ಚಕ್ಕಿ ಎದ್ದೈತಿ ನೋಡು ಅದಕ್ಕ. ಇರಲಿ. ಆಮ್ಯಾಲೆ ಕೆಲಸಕ್ಕ ನಿಂತೆ. ಊರಾಗ ಒಂದು ಮಾತ ಬಿಟ್ಟಿದ್ದೆ, ಸರ್ಕಾರದಾವರು ನನ್ನ ಕರದ್ರೂ ಹೋಗಿಲ್ಲ, ಮನಿ ಕೆಲಸ ಮೊದಲಂತ. ನೋಡಾಕ ಮಂದಿ ಬಂದಿದ್ರು. ದ್ಯಾಮಣ್ಣ ಕ್ಯಾನು ತೊಳಿಯೂದ ಬಿಟ್ಟು ಬಂದು ಕುಂತಿದ್ದ.

ನೀ ಬರದದ್ದನ್ನ ನಾ ಓದಿದ್ದೆ. ಓದಿದ ಮ್ಯಾಲೂ ಟಿಎಕ್ಸಿಗೆ ಟಿಎಕ್ಸ್ ಹಚ್ಚಿದೆ. ಹೆಸರಿಗೆ ಹೆಸರು ಕೂಡಬೇಕು, ಹುಡುಗಿ ಅವಸರದಾಗ ತಪ್ಪ ಬರದಿರಬೇಕಂತ ನನ್ನ ಶಾಣ್ಯಾತನ. ಲ್ಯಾಪ್‌ಟಾಪ ಏನೂ ಮಾತಾಡಲಿಲ್ಲ. ನಿಮ್ಮವ್ವ ಹಿಂದ ನಿಂತು ನೋಡಿ, "ಎರಡೂ ಬಾಯಿನ ಎದುರಾ ಬದರ ಇಟ್ರ ಕೇಳೋರ್ಯಾರು? ನಿನ್ನಂಗ ಆತು ಅದು" ಅಂದ್ಳು. ಮಂದಿ ನಕ್ರು. ಅಕಿ ನಗಲಿಲ್ಲ, ಆದ್ರ ಏಪ್ರಿಲ್‌ನಿಂದ ಈಚೆ ನನಗ ಬೈದದ್ದು ಅದ ಮೊದಲು. ನನಗ ಹಬ್ಬ ಆದಂಗ ಆತು. ತಂತಿ ತಿರುವಿ ಹಚ್ಚಿದೆ. ಆದ್ರೂ ಇಲ್ಲ, ಪರದೆ ಮ್ಯಾಲೆ ಇರಿವಿ ಹರದಾಡಿದಂಥ ಅಕ್ಷರ. ಗ್ರೌಂಡ್ ಬಿಟ್ಟಿದ್ದೆ. ಇಷ್ಟು ಸಣ್ಣ ತಂತಿ ಏನ ಮಾಡೀತು ಅಂತ ಬಿಟ್ಟಿದ್ದೆ. ಅದನ್ನೂ ಹಚ್ಚಿದೆ.

ಇನ್ನ ಉಣ್ಣಿ ವಿಷಯ. ಸಿಡಿಲಿಗೆ ಅಡಾಪ್ಟರ ಸುಟ್ಟಾಗ ತಂತಿ ತುದಿಗೆ ಇದ್ದ ಎಳಿನೂ ಕಮರಿದ್ವು. ಬಿಳಿದಿಲ್ಲ, ಕಂದಿಲ್ಲ, ನಾಕೂ ಕರಿ. ನೋಡಾಕ ಕುಂತಾವರು "ಈಗ ಹೆಂಗ?" ಅಂದ್ರು. ನಾ ಅಂದೆ, "ಕುರುಬರ ಮಗನ್ನ ಕೇಳತೀರೇನು? ಉಣ್ಣಿ ಸುಟ್ರೂ ಅದರ ಬಣ್ಣ ಕೈಬಟ್ಟಿಗೆ ಗೊತ್ತಾಗತೈತಿ." ಕಣ್ಣ ಮುಚ್ಚಿ, ಒಂದೊಂದ ಎಳಿ ತಿಕ್ಕಿ, ಇದು ಒಂದು, ಇದು ಎರಡು ಅಂತ ಹಚ್ಚಿಕೋತ ಹೋದೆ. ಮಂದಿ ಚಪ್ಪಾಳಿ ಬಡದ್ರು.

ಮರುದಿನ ಮುಂಜಾನೆ "ಅವ್ವಾ, ತ್ರೀಫೇಸ್ ಬಂತು" ಅಂದ ಮಾಲತೇಶ. ನಿಮ್ಮವ್ವ ಹಿಂಡಿ ಬುಟ್ಟಿ ಅಲ್ಲೇ ಇಟ್ಟು ಗ್ವಾಡಿ ಹಿಡಕೊಂಡು ನಿಂತ್ಳು. ಆಮ್ಯಾಲೆ ಮೋಟಾರ ಹಚ್ಚಿದ್ಳು. ನಾ ಮೀಸಿ ತಿರುವಿಕೋತ ಕಟ್ಟಿ ಮ್ಯಾಲೆ ಕುಂತೆ, ಚಾ ಬರ್ತೈತಿ ಅಂತ.

ಟಾಕಿ ತುಂಬಿತು. ತುಂಬಿದಾಗ ಅಂವ ಏನಂದ ಗೊತ್ತೇನು?

"ಅವ್ವಾ, ನಾ ಬಂದ್ನಿ. ಬಾಗಲಾ ತಗಿ."

ಅಕಿ ಓಡಿದ್ಳು ಸಾನ್ವಿ. ಹಿತ್ತಲದಿಂದ ಪಡಸಾಲಿಗೆ, ಪಡಸಾಲಿಯಿಂದ ಬಾಗಲಕ್ಕ. ಚಪ್ಪಲಿಲ್ಲ, ಸೆರಗಿಲ್ಲ. ಅಗಳಿ ತಗದು ಬಾಗಲಾ ಎರಡೂ ಕಡೆ ಹಾರ ಹೊಡದ್ಳು. ಗೇಟಿನ್ಯಾಗ ಯಾರೂ ಇಲ್ಲ. ಮ್ಯಾಲಿಂದ ಟಾಕಿ ನೀರು ಸುರದು ಕಟ್ಟಿ ಮ್ಯಾಲೆ ಕುಂತಿದ್ದ ನನ್ನ ತೆಲಿ ಮ್ಯಾಲೆ ಬೀಳಾಕತ್ತಿತ್ತು.

ಒಂದನೇದನ್ನೂ ನಾಕನೇದನ್ನೂ ಅದಲಿ ಬದಲಿ ಹಚ್ಚೇನಿ, ಅಷ್ಟ. ಎರಡು ಪಿನ್ನು ತಗದು ಹಾಕಿದ್ರ ಮುಗೀತು. ಸಂಜಿಕ ಮಾಡಾಕಂತ ಕುಂತಾಗ ಅಕಿ ಬಂದು ಹಂತೇಕ ನಿಂತು, "ಏನ ಮಾಡಾಕತ್ತಿ?" ಅಂದ್ಳು. "ಸ್ವಲ್ಪ ತಪ್ಪ ಆಗೇತಕ್ಕಾ." "ಇರಲಿ ಬಿಡು," ಅಂದ್ಳು.

ಬಿಟ್ಟೇನಿ.

ನಿಮ್ಮ ಮಾಮಾ,
ಬೀರಲಿಂಗಪ್ಪ


ಹೆಬ್ಬಳ್ಳಿ
೫ ಆಗಸ್ಟ್ ೨೦೨೪

ಸಾನ್ವಿಗೆ,

ನಿನ್ನ ಉತ್ತರ ಬರಲಿಲ್ಲ. ದ್ಯಾಮಣ್ಣನ್ನ ಕೇಳಿದ್ರ "ಕೊಟ್ಟೇನಪಾ, ಓದಿದ್ಳು, ಬಾಗಲಾ ಹಾಕಿಕೊಂಡ್ಳು" ಅಂತಾನ.

ಇಲ್ಲಿದು ಹೇಳಲೇಬೇಕು, ಯಾಕಂದ್ರ ಇನ್ಯಾರಿಗೂ ಹೇಳಾಕ ಬರೂ ಮಾತಲ್ಲ. ಮೊದಲ ಎರಡ ದಿನ ಅಕಿ ಓಡಿ ಹೋಗಿ ಬಾಗಲಾ ತಗದು, ಸುಮ್ನ ನಿಂತು, ಒಳಗ ಬರ್ತಿದ್ಳು. ಈಗ ಓಡಂಗಿಲ್ಲ. ತ್ರೀಫೇಸ್ ಬಂತು ಅಂತ ಅಂವ ಹೇಳತಾನ, ಅಕಿ ಮೋಟಾರ ಹಚ್ಚತಾಳ, ಮಾರಿ ತೊಳಕೊಂಡು, ತೆಲಿ ಹಿಕ್ಕೊಂಡು, ಬಾಗಲದ ಹಂತೇಕ ಮಣಿ ಹಾಕಿ ಕುಂಡ್ರತಾಳ. ನಾ ಬಂದ್ನಿ ಅಂತಾನ. ಅಕಿ ಬಾಗಲಾ ತಗೀತಾಳ. ಗೇಟಿನ ಕಡೆ ನೋಡತಾಳ. ಆಮ್ಯಾಲೆ ನಿಧಾನಕ್ಕ ಹೋಗಿ ಮೋಟಾರ ಬಂದ ಮಾಡತಾಳ.

ಅಷ್ಟಾದ್ರ ನಾ ಕಾಗದ ಬರೀತಿದ್ದಿಲ್ಲ. ಮೊನ್ನೆ ನೋಡತೇನಿ, ತುಂಬಿದ ಟಾಕಿಯ ತಳದ ಕಾಕು ತಿರುವಿ ನೀರು ಬಿಡಾಕತ್ತಾಳ. "ಅಕ್ಕಾ, ಅದು ಈಗ ತುಂಬಿದ್ದಲ್ಲೇನ?" ಅಂದೆ. "ಪಾಚಿ ಕಟ್ಟೇತಿ, ತೊಳೀಬೇಕು" ಅಂದ್ಳು. ತೊಳೀಲಿಲ್ಲ. ನೀರು ಎಲ್ಲಾ ಬಿಟ್ಟು ಮತ್ತ ಮೋಟಾರ ಹಚ್ಚಿ ಮಣಿ ಮ್ಯಾಲೆ ಬಂದು ಕುಂತ್ಳು. ಓಣಿ ಕೆಸರ ಗದ್ದಿ ಆಗೇತಿ. ಮಗ್ಗಲ ಮನಿ ಮಕ್ತುಮಬಿ ಹೊಸ್ತಲದಾಗ ನೀರು ನಿಂತು ಪಾಪ ಅಕಿ ಇಟಗಿ ಇಟಗೊಂಡು ದಾಟತಾಳ. ಜಗಳಕ್ಕ ಬಂದಿಲ್ಲ ಇನ್ನ. ಬರ್ತಾಳ.

ನಾ ಹಗಲೆಲ್ಲಾ ಆ ಎರಡ ಪಿನ್ನಿನ ಮುಂದ ಹೋಗಿ ಕುಂಡ್ರತೇನಿ. ಕೈ ಇಡತೇನಿ. ತಗದ್ರ ಅಂವ ಇನ್ನ ಬಂದ್ನಿ ಅನ್ನಂಗಿಲ್ಲ, ಎಂದೂ. ತಗೀದಿದ್ರ ಇಕಿ ಹಿಂಗ ಬಾಗಲಾ ತಗಕೋತ ಮುದುಕಿ ಆಗ್ತಾಳ. ಏನ ಮಾಡ್ಲಿ? ಊರ ಮಂದಿಗೆಲ್ಲಾ ಬುದ್ಧಿ ಹೇಳಾಂವ ನಾನು. ಇದನ್ನ ನಿನ್ನ ಕೇಳಾಕತ್ತೇನಿ.

ಬೀರಲಿಂಗಪ್ಪ


ಸಪ್ತಾಪುರ
೨ ಸೆಪ್ಟೆಂಬರ್ ೨೦೨೪

ಮಾಮಾ,

ಯಾವುದು ಸರಿ ಅಂತ ನನಗೂ ಗೊತ್ತಿಲ್ಲ.

ಹ್ವಾದ ರವಿವಾರ ನಾ ಹೆಬ್ಬಳ್ಳಿ ಬಸ್ಸು ಹತ್ತಿ ಬಂದಿದ್ದೆ. ಕೀಲಿಕೈ ತಂದಿದ್ದೆ, ಅವ್ವಗ ಕೊಡಬೇಕಂತ. ಗೇಟಿನ ತನಕಾ ಬಂದೆ. ಬಾಗಲಾ ಬಡೀಬೇಕು ಅನ್ನೂದರಾಗ ಒಳಗಿಂದ ಅಣ್ಣನ ದನಿ ಬಂತು. ನಾ ಬಂದ್ನಿ, ಬಾಗಲಾ ತಗಿ. ನೀ ಬರದದ್ದನ್ನ ಓದಿದ್ದೆ, ಆದ್ರ ಕೇಳಿದ್ದಿಲ್ಲ. ಅವ್ವ ಮಣಿ ಸರಸಿ ಏಳೂ ಸಪ್ಪಳ ಕೇಳಿಸ್ತು. ಬಾಗಲಾ ತಗದಾಗ ಎದರಿಗೆ ನಾ ನಿಂತಿದ್ರ ಅಕೀಗೆ ಹೆಂಗಾಗತೈತಿ ಮಾಮಾ? ಅಂವ ಅಂತ ತಗದ ಬಾಗಲಾ ಅದು.

ನಾ ಮಕ್ತುಮಬಿ ಮನಿ ಗ್ವಾಡಿ ಮರಿಗೆ ಸರದೆ. ಅವ್ವ ಹೊರಗ ಬಂದು ನಿಂತದ್ದು ಕಂಡೆ. ಸೊರಗ್ಯಾಳ. ಅಕಿ ಒಳಗ ಹೋದಮ್ಯಾಲೆ ಹೊಳ್ಳಿ ಬಸ್‌ಸ್ಟ್ಯಾಂಡಿಗೆ ಬಂದೆ.

ಬದಲಿ ಮಾಡೂದಾದ್ರ ಮೊದಲ ಲ್ಯಾಪ್‌ಟಾಪ ಬಂದ ಮಾಡು. ಒಂದನೇ ಮತ್ತ ನಾಕನೇ ಚಾನೆಲ್ಲಿನ ಆರ್‌ಎಕ್ಸ್ ಎರಡನ್ನ ಅಷ್ಟ ತಿರುವು, ಗ್ರೌಂಡ್ ಮುಟ್ಟಬ್ಯಾಡ. ಮಾಡು ಅಂತ ನಾ ಹೇಳವಲ್ಲೆ. ಮಾಡಬ್ಯಾಡ ಅಂತನೂ ಹೇಳವಲ್ಲೆ.

ಸಾನ್ವಿ


ಹೆಬ್ಬಳ್ಳಿ
೨೨ ಸೆಪ್ಟೆಂಬರ್ ೨೦೨೪

ಸಾನ್ವಿಗೆ,

ನಾನೂ ಮಾಡಲಿಲ್ಲ, ನೀನೂ ಹೇಳಲಿಲ್ಲ. ಮಾಡಿದಾಕಿ ನಿಮ್ಮವ್ವ.

ಮೊನ್ನೆ ಮಕ್ತುಮಬಿ ಜಗಳಕ್ಕ ಬಂದ್ಳು, ಕೈಯಾಗ ಕಸಬರಗಿ ಹಿಡಕೊಂಡು. "ಸಾವಕ್ಕ, ನಿಮ್ಮ ಮನಿ ನೀರಾಗ ನಮ್ಮ ಕೋಳಿ ಈಸಾಕ ಕಲತಾವ ನೋಡಬಾ" ಅಂತ ಪಡಸಾಲಿಗೇ ನುಗ್ಗಿದ್ಳು. ಅದ ಹೊತ್ತಿಗೆ ಟಾಕಿ ತುಂಬಿತು. "ಅವ್ವಾ, ನಾ ಬಂದ್ನಿ. ಬಾಗಲಾ ತಗಿ." ಮಕ್ತುಮಬಿ ಹಿಂದ ಮುಂದ ನೋಡಲಾರದ "ತಗೀತೇನಿ ತಡಿಯೋ ಮಾಲತ್ಯಾ, ಎಷ್ಟ ಅವಸರ ನಿಂದು" ಅಂದು, ತಿರಗಿ ಎರಡ ಹೆಜ್ಜಿ ಬಾಗಲದ ಕಡೆ ಹೋಗಿಬಿಟ್ಟಳು. ಮೂರನೇ ಹೆಜ್ಜಿಗೆ ನೆನಪಾತು ಅಕೀಗೆ. ಕಸಬರಗಿ ಬಿಟ್ಟು ಅಲ್ಲೇ ಕುಂತು ಬಾಯಿಗೆ ಸೆರಗ ತುರುಕಿಕೊಂಡ್ಳು. ಸಣ್ಣಾಂವಿದ್ದಾಗ ಅಂವ ಅರ್ಧಾ ದಿನ ಅವರ ಮನ್ಯಾಗ ಬೆಳದಾಂವ, ನಿನಗ ಗೊತ್ತೈತಲ್ಲ.

ನಿಮ್ಮವ್ವ ಮಣಿ ಮ್ಯಾಲಿಂದ ಏಳಲಿಲ್ಲ. ಅಕಿನ್ನ ನೋಡಿಕೋತ ಕುಂತ್ಳು. ಆಮ್ಯಾಲೆ "ಟಾಕಿ ತುಂಬೇತಿ, ಮಕ್ತುಮಬಿ. ಅಷ್ಟ ಅದು. ಅಂವ ಅಲ್ಲ" ಅಂದ್ಳು. ಹೋಗಿ ಮೋಟಾರ ಬಂದ ಮಾಡಿ ಬಂದ್ಳು. ನನ್ನ ಮುಂದ ನಿಂತ್ಳು.

"ಬೀರಾ, ನನ್ನ ಮಗಾ ಇದ್ದಾಗ ಎಂದೂ ನನಗ ಸುಳ್ಳ ಹೇಳಿಲ್ಲ. ಈಗ ದಿನಾ ಅವನ ಕಡಿಂದ ಹೇಳಸಾಕತ್ತೇವಿ ನಾವು."

ಅಂವ ಹೇಳಿದ ಸುಳ್ಳು ನನ್ನಷ್ಟು ಯಾರಿಗೂ ಗೊತ್ತಿಲ್ಲ. ಧಾರವಾಡಕ್ಕ ಸಿನೆಮಾಕ್ಕ ಹೋಗಿ ಬಂದು ಲೈಬ್ರರಿ ಅಂದದ್ದಕ್ಕೆಲ್ಲಾ ಸಾಕ್ಷಿ ನಾನು, ಟಿಕೀಟ ತಗಸಿದಾಂವ ನಾನು. ಆದ್ರ ಹೇಳಲಿಲ್ಲ. ಒಂದೊಂದ ಸಲ ನನಗೂ ಸುಮ್ನ ಇರಾಕ ಬರ್ತೈತಿ.

"ಸರಿ ಮಾಡು" ಅಂದ್ಳು. ನಾ ಲ್ಯಾಪ್‌ಟಾಪ ಬಂದ ಮಾಡಿ ಅಡಾಪ್ಟರ ಕೈಗೆ ತಗೊಂಡೆ. ಅಕಿನೂ ಹಂತೇಕ ಕುಂತ್ಳು. ಚಕ್ಕಿ ಎದ್ದ ಮೂಲಿ ಕಂಡ್ಳು. ಅದರ ಮ್ಯಾಲೆ ಬಟ್ಟ ಆಡಿಸಿದ್ಳು. "ಇದು ಎಲ್ಲಿದು?" ಅಂದ್ಳು.

ಹೇಳಬ್ಯಾಡ ಅಂದಿದ್ದಿ. ಹುಬ್ಬಳ್ಳಿದು ಅನ್ನೂದು ನನ್ನ ನಾಲಗಿ ತುದೀಗೆ ಬಂದಿತ್ತು. ಅವತ್ತ ಆ ಮನ್ಯಾಗ ಇನ್ನೊಂದು ಸುಳ್ಳು ಹಿಡೀತಿದ್ದಿಲ್ಲ ಸಾನ್ವಿ. ಹೇಳಿದೆ. ನೀ ಬಂದು ಗ್ವಾಡಿ ಮರಿಗೆ ನಿಂತು ಹ್ವಾದದ್ದನ್ನೂ ಹೇಳಿದೆ.

"ಅಕಿ ಹತ್ರ ಇದ್ದದ್ದು ಇದೊಂದು," ಅಂದ್ಳು. "ಅದನ್ನೂ ನನಗ ಕೊಟ್ಲೇನು?"

ಎದ್ದು ಒಳಗ ಹೋದ್ಳು. ಮಲಗಾಕ ಹೋದ್ಳೇನೋ ಅಂದುಕೊಂಡೆ. ನಾಕ ಬಣ್ಣದ ಉಣ್ಣಿ ತಗೊಂಡು ಬಂದ್ಳು. ಟಾಕಿ ತಂತಿ ಯಾವುದು, ಹಟ್ಟಿದು ಯಾವುದು ಅಂತ ನಿಚ್ಚಣಕಿ ಹಾಕಿಸಿ ಬುಡದಿಂದ ಹಿಡದು ನೋಡಿಕೋತ ಬಂದು ಅಕಿನ ಕಟ್ಟಿದ್ಳು. ಕರಿ ಎಳಿ ಕಟ್ಟುವಾಗ ಗಂಟು ಎರಡ ಸಲ ಬಿಚ್ಚಿ ಹಾಕಿದ್ಳು. "ನಿನ್ನ ಬಟ್ಟಿನ ಶಾಣ್ಯಾತನ ಸಾಕು" ಅಂದ್ಳು ನನಗ.

ಇಕ್ಬಾಲನ ಅಂಗಡಿದು ಬಂದು ಬಿದ್ದಿತ್ತು, ನಾ ಒಡದಿದ್ದಿಲ್ಲ. ಅದನ್ನ ತರಸಿ ಹಚ್ಚಿಸಿದ್ಳು. ನಿಂದನ್ನ ಸೆರಗಿಲೆ ಒರಸಿ, ಹಳೇ ರುಮಾಲದಾಗ ಸುತ್ತಿ, "ಇದು ಅಕಿದು. ಅಕೀಗೆ ತಿರಗಿ ಕಳಸು" ಅಂದ್ಳು. ದ್ಯಾಮಣ್ಣನ ಕೈಯಾಗ ಬರಾಕತ್ತೈತಿ. ರುಮಾಲೂ ನೀನ ಇಟಗೋ, ನಿಮ್ಮಪ್ಪಂದು ಅದು.

ಈಗ ಟಾಕಿ ತುಂಬಿದ್ರ ಟಾಕಿ ತುಂಬೇತಿ ಅಂತಾನ. ಅಕಿ ಹೋಗಿ ಬಂದ ಮಾಡತಾಳ. ಬಾಗಲದ ಹಂತೇಕಿನ ಮಣಿ ಒಳಗ ಇಟ್ಟಾಳ.

ಬಾ ಅಂತ ಅಕಿ ಬರಸಿಲ್ಲ. ಬಂದ್ರ, ಕಂಬಕ್ಕ ಕೀಲಿಕೈ ತೋರಸಬ್ಯಾಡ. ಇದು ನನ್ನ ಮಾತು.

ನಿಮ್ಮ ಮಾಮಾ


ಹೆಬ್ಬಳ್ಳಿ
೧೨ ನವೆಂಬರ್ ೨೦೨೪

ಸಾನ್ವಿಗೆ,

ಬಸ್ಸಿನ್ಯಾಗ ಕಿಡಕಿ ಹಂತೇಕ ಜಾಗಾ ಸಿಕ್ತೋ ಇಲ್ಲೋ? ಕಂಡಕ್ಟರಗ ನಾ ಹೇಳಿದ್ದೆ. ನನ್ನ ಹೆಸರ ಹೇಳಿದ್ರ ಡ್ರೈವರ ಎದ್ದು ತನ್ನ ಸೀಟ ಬಿಡತಾನ, ಆದ್ರ ನೀ ಹೇಳಾಕಿ ಅಲ್ಲ.

ನೀ ಇದ್ದ ಎರಡ ದಿನ ಮನ್ಯಾಗ ಯಾರೂ ಹೆಚ್ಚ ಮಾತಾಡಲಿಲ್ಲ. ನೀ ಕುರಿಗೆ ನೀರ ಕುಡಿಸಿದಿ, ಅಕಿ ರೊಟ್ಟಿ ಬಡದ್ಳು. ಅದಕ್ಕ ಈ ಕಾಗದ. ನೀ ಬಂದ ದಿನ ನೀ ಬಾಗಲದ ಹೊರಗಿದ್ದಿ, ನಾ ಒಳಗಿದ್ದೆ. ಒಳಗ ಏನಾತು ಅನ್ನೂದು ನಿನಗ ಗೊತ್ತಿಲ್ಲ. ಅದನ್ನ ಹೇಳೂದು ಐತಿ.

ನೀ ಬಾಗಲಾ ಬಡದದ್ದು ನಮಗ ಕೇಳಸಲಿಲ್ಲ, ಹಿತ್ತಲದಾಗ ಇದ್ವಿ. ಒಂದ ಮರಿ ಹಾಲ ಕುಡೀವಲ್ದಾಗಿತ್ತು, ಅಕಿ ಅದರ ಬಾಯಾಗ ಬಟ್ಟ ಇಟ್ಟು ಕುಡಿಸಾಕತ್ತಿದ್ಳು. ಆವಾಗ ನೀ ಒದರಿದಿ.

"ಅವ್ವಾ, ನಾ ಬಂದ್ನಿ. ಬಾಗಲಾ ತಗಿ."

ಅಕಿ ತೆಲಿ ಎತ್ತಲಿಲ್ಲ. "ಬೀರಾ, ಮತ್ತ ತಂತಿ ತಪ್ಪಿಸಿದೇನು?" ಅಂದ್ಳು.

"ಇಲ್ಲಕ್ಕಾ, ನಿನ್ನ ಕಾಲಾಣಿ. ನೀನ ಕಟ್ಟಿದ್ದಲ್ಲ ಉಣ್ಣಿ."

"ಮತ್ತ ದನಿ ಯಾಕ ಸಣ್ಣ ಆಗೇತಿ?"

ನಾ ಪಡಸಾಲಿಗೆ ಬಂದು ನೋಡಿದೆ. ಲ್ಯಾಪ್‌ಟಾಪ ಸುಮ್ನ ಇತ್ತು. ನೀ ಮತ್ತ ಒದರಿದಿ, ಈ ಸಲ ಬರೇ "ಅವ್ವಾ" ಅಂತ. ಅಕಿ ಅಲ್ಲಿಂದನ ಕೇಳಿದ್ಳು. ಮರೀನ ನನ್ನ ಕೈಯಾಗ ಇಟ್ಳು. ಓಡಲಿಲ್ಲ. ಬಾಗಲದ ತನಕಾ ನಡಕೋತ ಹೋದ್ಳು, ಅಗಳಿ ಮ್ಯಾಲೆ ಕೈ ಇಟ್ಳು, ನಿಂತ್ಳು.

ಆ ಹೊತ್ತು ನಿನಗ ಭಾಳ ಅನಿಸಿರಬೇಕು. ಅವ್ವಗ ತಗಿಯೂ ಮನಸಿಲ್ಲ ಅಂತ ನೀ ಅಂದುಕೊಂಡಿರಬೇಕು. ನಾ ಹಿಂದ ನಿಂತು ನೋಡೇನಿ, ಸಾನ್ವಿ. ಅಕಿ ಎಡಗೈಲೆ ಸೆರಗ ತಗೊಂಡು ಮಾರಿ ಒರಸಿಕೊಳ್ಳಾಕತ್ತಿದ್ಳು. ಒರಸಿದಂಗ ಮತ್ತ ತೊಯ್ತಿತ್ತು, ಮತ್ತ ಒರಸತಿದ್ಳು. ಹಂಗ ಮಾರಿ ತೋರಿಸಬಾರದಂತ ತಡಾ ಮಾಡಿದ್ಳು, ಮತ್ತೇನಕ್ಕೂ ಅಲ್ಲ.

ಬಾಗಲಾ ತಗದ ಮ್ಯಾಲಿನದು ನಿನಗ ಗೊತ್ತೈತಿ. ಅಕಿ ಮೊದಲ ನಿನ್ನ ಹೆಗಲ ಮ್ಯಾಲಿಂದ ಹಿಂದ ಗೇಟಿನ ಕಡೆ, ದಾರಿ ಕಡೆ ನೋಡಿದ್ಳು. ನೀ ಅದನ್ನ ಕಂಡಿ. ನೀ ಕಂಡದ್ದನ್ನ ನಾ ಕಂಡೆ. ಆ ನೋಟ ಹೋಗಂಗಿಲ್ಲ. ನೀ ಬಂದಾಗೊಮ್ಮೆ ಅಕಿ ಹಂಗ ನೋಡತಾಳ, ನಾವು ಇರೂತನಕಾ ಇರೂದು ಅದು. ಆಮ್ಯಾಲೆ ನಿನ್ನ ಮಾರಿ ನೋಡಿದ್ಳಲ್ಲ, ನೋಡಿ "ಎಷ್ಟ ಹೊತ್ತಾತು ನಿಂತು?" ಅಂದ್ಳಲ್ಲ. ಅದು ನಿಂದು. ಅಷ್ಟನ್ನ ತಗೊಂಡು ಹೋಗು.

ನೀ ಹ್ವಾದ ಮ್ಯಾಲೆ ಕೀಲಿಕೈ ಮಾತು ಬಂತು. ನೀ ಅದನ್ನ ಅಕಿ ಕೈಯಾಗ ಇಟ್ಟಾಗ ಅಕಿ ತಗೊಳ್ಳಲಿಲ್ಲ, ನಿನ್ನ ಚೀಲದಾಗ ತಿರಗಿ ಹಾಕಿದ್ಳು. ನೀ ಅದಕ್ಕೂ ಅತ್ತಿ. ಯಾಕ ಹಂಗ ಮಾಡಿದಿ ಅಂತ ನಿನ್ನೆ ನಾ ಕೇಳಿದೆ. ಅಕಿ ಆ ಮರಿ ಮುಂದ ಕುಂತಿದ್ಳು, ಈಗ ಅದು ಬಾಟ್ಲಿ ಹಿಡದು ಛಲೋ ಕುಡೀತೈತಿ.

"ಬಾಗಲದ ಮುಂದ ನಿಂತು ಅಷ್ಟೊತ್ತು ಒದರಿತು ಹುಡುಗಿ," ಅಂದ್ಳು. "ಕೀಲಿಕೈ ಕಿಸೆದಾಗ ಇಟಗೊಂಡು ಯಾಕ ಒದರಬೇಕು? ಮುಂದಿನ ಸಲ ಕಂಬಕ್ಕ ತೋರಿಸಿ ಬಾ ಅಂತ ಬರಿ."

"ಅಕ್ಕಾ, ತೋರಿಸಿದ್ರ ಬರೂದು ಅವನ ದನಿ ಅಲ್ಲೇನು? ಮತ್ತ ಅವನ ಕಡಿಂದ ಸುಳ್ಳ ಹೇಳಿಸಿದಂಗ ಆಗತೈತಿ."

ಮರಿ ಬಾಯಿಂದ ಬಾಟ್ಲಿ ತಗದು, ಎಷ್ಟ ಉಳದೈತಿ ಅಂತ ಬೆಳಕಿಗೆ ಹಿಡದು ನೋಡಿದ್ಳು.

"ಯಾಕ ಸುಳ್ಳು?" ಅಂದ್ಳು. "ಅಕಿ ಬಂದಿರ್ತಾಳಲ್ಲ."

ನಿಮ್ಮ ಮಾಮಾ,
ಬೀರಲಿಂಗಪ್ಪ